ಹುಲಿರಾಯನ ಹಿಂದಿನ ಎರಡು ಖಾಲಿ ಗೂಡು

ಗಾಂಗ್‌ವೇ ಊರಿನ ಚರಿತ್ರೆಯನ್ನು ಮುಂದೆ ಯಾರಾದರೂ ಬರೆಯುವುದಾದರೆ, ಸಮುದ್ರ ಹಿಂದೆ ಸರಿದು ನಮ್ಮ ಬಂದರು ಹೂಳಿನಲ್ಲಿ ಮುಚ್ಚಿಹೋದದ್ದಕ್ಕೆ ಒಂದು ಅಧ್ಯಾಯ ಕೊಡಬೇಕಾಗುತ್ತದೆ. ಭೂಕಂಪದಲ್ಲಿ ಊರಿನ ಕಟ್ಟಡಗಳೆಲ್ಲ ಬಿರುಕು ಬಿಟ್ಟು ಬಾತುಕೋಳಿ ಸಾಕುವವನ ತಗಡಿನ ಚಪ್ಪರವೊಂದೇ ನೆಟ್ಟಗೆ ನಿಂತದ್ದಕ್ಕೆ ಇನ್ನೊಂದು. ಇವೆರಡರ ನಂತರ, ನಮ್ಮ ಊರು ಕಾಯುವ ದೇವರು ಭೂಮಜ್ಜನ ಗುಡಿಯ ಸರ್ವರಿಗೆ ಎರಡು ಹಾರ್ಡ್ ಡಿಸ್ಕ್‌ಗಳು ಹೊಂದುತ್ತವೆಯೋ ಇಲ್ಲವೋ ಎಂದು ಪರೀಕ್ಷಿಸಿದ ಪ್ರಸಂಗಕ್ಕೂ ಜಾಗ ಬಿಡದೆ ಗತ್ಯಂತರವಿಲ್ಲ. ಮೊದಲಿನವಕ್ಕೆ ಸರ್ಕಾರದ ದಾಖಲೆಗಳಿವೆ. ಕೊನೆಯದಕ್ಕೆ ಸಾಕ್ಷಿ ನಾನು. ಹನ್ನೆರಡನೆಯ ತಿಂಗಳ ಆ ಹದಿನಾಲ್ಕು ದಿನವೂ ಗುಡಿಯಲ್ಲೇ ಇದ್ದೆ. ಸಂಬಳ ಕೊಡುವುದೇ ಅಲ್ಲಿರುವುದಕ್ಕೆ.

ಗುಡಿಯಲ್ಲಿ ಸಂಬಳದವರು ನಾಲ್ಕು ಜನ. ಬಾಗಿಲು ತೆಗೆದು ಹಾಕುವವನು, ಗುಡಿಸಿ ಒರೆಸುವಾಕೆ, ನಾನು ಮತ್ತು ಮಿಂಗ್‌ಫೂ. ನನ್ನ ಕೆಲಸ ದೀಪದ ಚೀಟಿ ಬರೆಯುವುದು. ಭೂಮಜ್ಜನ ಎರಡೂ ಪಕ್ಕದ ಗೋಡೆಗಳ ತುಂಬ ಬೆರಳುದ್ದದ ದೀಪಗಳಿವೆ. ವರ್ಷಕ್ಕೊಮ್ಮೆ ಊರಿನ ಪ್ರತಿಯೊಬ್ಬರೂ ತಮ್ಮ ಹೆಸರಿನಲ್ಲಿ ಒಂದು ದೀಪ ಹಿಡಿಯುತ್ತಾರೆ. ಹೆಸರು, ಹುಟ್ಟಿದ ದಿನ, ಮನೆಯ ವಿಳಾಸ, ಇಷ್ಟೂ ಇದ್ದರೆ ಭೂಮಜ್ಜ ಆ ವರ್ಷ ಅವರನ್ನು ನೋಡಿಕೊಳ್ಳುತ್ತಾನೆ. ಇಲ್ಲದಿದ್ದರೆ ಹುಡುಕಿಕೊಂಡು ಹೋಗುವ ವಯಸ್ಸು ಅವನದಲ್ಲ. ಮೊದಲು ಈ ವಿವರಗಳೆಲ್ಲ ನಾನು ಬರೆದ ಪುಸ್ತಕದಲ್ಲಿದ್ದವು. ಆಮೇಲೆ ಬೋಲ್ಟು ತಯಾರಿಸುವ ಕಾರ್ಖಾನೆಯ ಯಜಮಾನರೊಬ್ಬರು ತಮಗೆ ಬೇಡವಾದ ಸರ್ವರೊಂದನ್ನು ಭಕ್ತಿಯಿಂದ ಗುಡಿಗೆ ಅರ್ಪಿಸಿದರು. ಅಂದಿನಿಂದ ವಿವರಗಳು ಅದರಲ್ಲಿವೆ.

ಅದನ್ನು ಇಟ್ಟ ಜಾಗದ ಬಗ್ಗೆ ಒಂದು ಮಾತು ಹೇಳಬೇಕು. ಭೂಮಜ್ಜ ಕೂತಿರುವ ಪೀಠದ ಕೆಳಗಿನ ಗೂಡಿನಲ್ಲಿ ಅವನ ವಾಹನವಾದ ಹುಲಿದೇವರು, ಹುಲಿರಾಯ ಇದ್ದಾನೆ. ಮಕ್ಕಳಿಗೆ ಕಾಯಿಲೆ ಬಂದರೆ, ರಚ್ಚೆ ಹಿಡಿದರೆ ತಾಯಂದಿರು ಬಗ್ಗಿ ಅವನಿಗೆ ಹಸಿ ಮೊಟ್ಟೆ ಇಟ್ಟು ಹೋಗುತ್ತಾರೆ. ಗುಡಿಯಲ್ಲಿ ಅತ್ಯಂತ ತಂಪಾದ ಜಾಗ ಅದು. ಪ್ಲಗ್ಗೂ ಅಲ್ಲೇ ಇದೆ. ಆದ್ದರಿಂದ ಸರ್ವರ್ ಹುಲಿರಾಯನ ಬೆನ್ನ ಹಿಂದೆ ಹೋಯಿತು. ಅದರ ಮೂತಿಯ ಮೇಲೆ ಕಂಪನಿಯ ಹೆಸರು, ಮಾದರಿಯ ಸಂಖ್ಯೆ ಏನೇನೋ ಇದ್ದವು. ಹೊಸ ವರ್ಷಕ್ಕೆ ಯಾರೋ ಅದರ ಮೇಲೆ ಮಂಗಳದ ಕೆಂಪು ಕಾಗದ ಅಂಟಿಸಿದರು. ಮಂಗಳವನ್ನು ಕಿತ್ತು ನೋಡುವ ಧೈರ್ಯ ನಮ್ಮಲ್ಲಿ ಯಾರಿಗೂ ಇಲ್ಲ.

ಇದನ್ನು ನೋಡಿಕೊಳ್ಳುವವನು ಮಿಂಗ್‌ಫೂ. ಐವತ್ತನಾಲ್ಕು ವರ್ಷ, ಮೊದಲು ಸ್ಕೂಟರಿನ ಬಿಡಿಭಾಗ ಮಾರುತ್ತಿದ್ದ. ಗುಡಿಯ ಸಮಿತಿಯ ಅಧ್ಯಕ್ಷರಾದ ಜಿನ್‌ಶುಯ್ ಅವರ ಒಬ್ಬಳೇ ಮಗಳು ಲೀಜೂ ಇವನ ಹೆಂಡತಿ. ಅರ್ಹತೆಯ ಉಳಿದ ಭಾಗ ಅದು. ಇಪ್ಪತ್ತಾರು ವರ್ಷದ ಸಂಸಾರ, ಮಕ್ಕಳಿಲ್ಲ. ಕೆಲಸಕ್ಕೆ ಸೇರಿದ ತಿಂಗಳಲ್ಲೇ ಅವನು ಐನೂರು ಕಾರ್ಡು ಅಚ್ಚು ಹಾಕಿಸಿದ: 'ಜುವಾಂಗ್ ಮಿಂಗ್‌ಫೂ, ಮುಖ್ಯಸ್ಥ, ಮಾಹಿತಿ ವಿಭಾಗ.' ವಿಭಾಗದಲ್ಲಿ ಇನ್ಯಾರೂ ಇರಲಿಲ್ಲವಾದ್ದರಿಂದ ಇದು ಸುಳ್ಳೆನ್ನಲು ಬರುವುದಿಲ್ಲ. ಬೆಳಗಿನ ತಿಂಡಿಗೆ ಬರುವ ಸೋಯಾ ಹಾಲಿನವನಿಗೂ ಒಂದು ಕಾರ್ಡು ಕೊಟ್ಟಿದ್ದ.

ಹನ್ನೆರಡನೆಯ ತಿಂಗಳ ಎರಡನೆಯ ದಿನ ಬೆಳಿಗ್ಗೆ ಪೀಠದ ಕೆಳಗಿನಿಂದ ಕೀಕ್, ಕೀಕ್ ಎಂದು ಸದ್ದು ಬರತೊಡಗಿತು. ಹುಲಿರಾಯ ಮಾತಾಡುತ್ತಿದ್ದಾನೆಂದು ತಿಳಿದು ಮಧ್ಯಾಹ್ನದ ಹೊತ್ತಿಗೆ ಊರಿನವರು ಎಂಬತ್ತಮೂರು ಮೊಟ್ಟೆ ತಂದಿಟ್ಟರು. ಸದ್ದು ನಿಲ್ಲಲಿಲ್ಲ. ಸರ್ವರಿನಲ್ಲಿ ಜಾಗ ಮುಗಿದಿತ್ತು. ನೈವೇದ್ಯದ ಕಿತ್ತಳೆಹಣ್ಣು ಕಳುವಾದ ಮೇಲೆ ಹಾಕಿಸಿದ ಎಂಟು ಕ್ಯಾಮರಾಗಳು ವರ್ಷಪೂರ್ತಿ ಕಿತ್ತಳೆಹಣ್ಣನ್ನೇ ಚಿತ್ರೀಕರಿಸಿ ಅದರ ಹೊಟ್ಟೆ ತುಂಬಿಸಿದ್ದವು. ಹೊಸ ಹೆಸರು ಹಾಕಿದರೆ ಅದು ತೆಗೆದುಕೊಳ್ಳುತ್ತಿರಲಿಲ್ಲ. ಬಂದವರ ಹೆಸರುಗಳನ್ನು ಚೀಟಿಯಲ್ಲಿ ಬರೆದು ಬಿಸ್ಕತ್ತಿನ ಡಬ್ಬಿಗೆ ಹಾಕತೊಡಗಿದೆವು.

ಜಿನ್‌ಶುಯ್ ಅವರು ಬಂದು ಬಗ್ಗಿ ನೋಡಿದರು. ಎಂಬತ್ತರ ಹತ್ತಿರದವರು. ಕಡಿಮೆ ಮಾತು.

"ಏನಂತೆ ಇದಕ್ಕೆ?"

"ತಾಂತ್ರಿಕ ವಿಷಯ ಮಾವ. ನಿಮಗೆ ಹೇಳಿದ್ರೆ ತಲೆನೋವು" ಎಂದ ಮಿಂಗ್‌ಫೂ.

"ಹದಿನಾರನೇ ತಾರೀಖು ಹೆಸರು ಹಾಕೋದು ಮುಗೀಬೇಕು."

"ಮುಗಿಯುತ್ತೆ."

"ಅವತ್ತೇ ರಾತ್ರಿ ಊಟ. ಕೋಳಿ ನಾನೇ ಇಡ್ತೀನಿ."

ಇಷ್ಟು ಹೇಳಿ ಹೊರಟುಹೋದರು. ಮಿಂಗ್‌ಫೂನ ಮುಖ ಬಿಳುಚಿತು. ಹನ್ನೆರಡನೆಯ ತಿಂಗಳ ಹದಿನಾರು ಭೂಮಜ್ಜನ ವರ್ಷದ ಕೊನೆಯ ಹಬ್ಬ. ಅಂದು ಯಜಮಾನನಾದವನು ಕೆಲಸದವರನ್ನೆಲ್ಲ ಕೂರಿಸಿ ಊಟ ಹಾಕಬೇಕು. ಮೇಜಿನ ಮೇಲೆ ಇಡಿಯ ಕೋಳಿ ಬರುತ್ತದೆ, ತಲೆಸಮೇತ. ಯಜಮಾನ ತಟ್ಟೆ ಇಡುವಾಗ ಕೋಳಿಯ ತಲೆ ಯಾರ ಕಡೆ ತಿರುಗಿರುತ್ತದೋ ಅವನು ಹೊಸ ವರ್ಷದಲ್ಲಿ ಕೆಲಸಕ್ಕೆ ಬರಬೇಕಾಗಿಲ್ಲ. ಬಾಯಿಬಿಟ್ಟು ಯಾರೂ ಏನೂ ಹೇಳುವುದಿಲ್ಲ. ದೊಡ್ಡ ಊರುಗಳಲ್ಲಿ ಈಗ ತಲೆ ಕತ್ತರಿಸಿದ ಕೋಳಿ ತರಿಸುತ್ತಾರಂತೆ. ನಮ್ಮ ಅಧ್ಯಕ್ಷರು ತರಿಸುವುದಿಲ್ಲ.

ಮಿಂಗ್‌ಫೂ ಅಂದೇ ಸ್ಕೂಟರ್ ಹತ್ತಿ ಪೇಯುನಳ ಅಂಗಡಿಗೆ ಹೋದ. ಕಂಪ್ಯೂಟರ್ ಅಂಗಡಿ ಊರಿಗೆ ಇರುವುದು ಅದೊಂದೇ. ಪೇಯುನ್ ಮೂವತ್ತೈದರ ಹೆಂಗಸು. ಗಿರಾಕಿ ಮಾತಾಡುವಾಗ ತಲೆ ಎತ್ತುವ ಅಭ್ಯಾಸ ಅವಳಿಗಿಲ್ಲ. ಅಲ್ಲಿ ಏನಾಯಿತೆಂಬುದನ್ನು ಆಮೇಲೆ ಅವಳೇ ನನಗೆ ಹೇಳಿದಳು.

"ಎರಡು ಹಾರ್ಡ್ ಡಿಸ್ಕ್ ಕೊಡು. ದೊಡ್ಡದು" ಎಂದನಂತೆ ಇವನು, ಕಾರ್ಡನ್ನು ಮೇಜಿನ ಮೇಲಿಟ್ಟು.

"ಸರ್ವರ್ ಯಾವ ಮಾದರಿ?"

"ಒಳ್ಳೇ ಮಾದರಿ."

"ನಂಬರು?"

"ಎರಡು ಗೂಡು ತುಂಬಿವೆ, ಎರಡು ಖಾಲಿ."

"ಅಣ್ಣ, ಅದಲ್ಲ ಕೇಳಿದ್ದು. ಸರ್ವರ್ ಮಾಡಿದ ಕಂಪನಿಯವರದ್ದೇ ಒಂದು ಪಟ್ಟಿ ಇರುತ್ತೆ, ಯಾವ ಡಿಸ್ಕ್ ಹೊಂದುತ್ತೆ, ಯಾವುದು ಹೊಂದಲ್ಲ ಅಂತ. ಅದರಲ್ಲಿ ನೋಡದೆ ಹಾಕಿದ್ರೆ ಕೂರೋದೇನೋ ಕೂರುತ್ತೆ. ಯಂತ್ರ ಒಪ್ಪಲ್ಲ. ಇಲ್ಲಾ, ಮೂರು ದಿನ ಒಪ್ಪಿ ನಾಲ್ಕನೇ ದಿನ ಒಳಗಿರೋದನ್ನೆಲ್ಲ ನುಂಗ್ಹಾಕುತ್ತೆ."

"ಅದೆಲ್ಲ ನನಗೆ ಗೊತ್ತಿಲ್ವಾ? ಪರೀಕ್ಷೆ ಮಾಡೋದು ನನ್ನ ವಿಭಾಗದ್ದು."

"ಹಾಗಾದ್ರೆ ಮಾಡ್ಕೊಂಡು ಬನ್ನಿ. ಯಂತ್ರದ ಹಿಂದುಗಡೆ ಚೀಟಿ ಇರುತ್ತೆ, ಒಂದು ಫೋಟೋ ತಗೊಂಡು ಬನ್ನಿ ಸಾಕು. ಈ ಎರಡನ್ನ ಎತ್ತಿಟ್ಟಿರ್ತೀನಿ, ಹಬ್ಬದ ತನಕ. ಆಮೇಲೆ ಕೇಳಿದವರಿಗೆ ಕೊಟ್ಬಿಡ್ತೀನಿ. ವರ್ಷದ ಕೊನೆ, ಕೇಳೋರು ಬೇಕಾದಷ್ಟಿದಾರೆ."

ಮಿಂಗ್‌ಫೂ ಡಿಸ್ಕ್‌ಗಳ ಮೇಲಿದ್ದ ವಿವರಗಳನ್ನು ತನ್ನ ಕಾರ್ಡಿನ ಹಿಂಬದಿಯಲ್ಲಿ ಬರೆದುಕೊಂಡ. ತಯಾರಾದ ದೇಶ ಥಾಯ್ಲೆಂಡ್. ತಯಾರಾದ ದಿನ ಈ ವರ್ಷದ ಐದನೆಯ ತಿಂಗಳು, ಹನ್ನೊಂದು.

ಪೇಯುನ್ ಕೇಳಿದ್ದು ಒಂದು ಫೋಟೋ. ಆದರೆ ಅದು ಎಲ್ಲಿಂದ ಬರಬೇಕು? ಹಿಂದಿನ ಚೀಟಿ ಕಾಣಬೇಕಾದರೆ ಯಂತ್ರವನ್ನು ತಿರುಗಿಸಬೇಕು. ಯಂತ್ರ ತಿರುಗಬೇಕಾದರೆ ಹುಲಿರಾಯ ಜಾಗ ಬಿಡಬೇಕು. ಹುಲಿರಾಯನನ್ನು ಅಲುಗಿಸಬೇಕಾದರೆ ಸಮಿತಿ ಸೇರಿ, ಭೂಮಜ್ಜನನ್ನು ಕೇಳಿ, ಒಪ್ಪಿಗೆ ಪಡೆಯಬೇಕು. ಸಮಿತಿ ಸೇರಬೇಕಾದರೆ, ಮಾಹಿತಿ ವಿಭಾಗದ ಮುಖ್ಯಸ್ಥನಿಗೆ ತನ್ನ ಯಂತ್ರದ ಹೆಸರು ಗೊತ್ತಿಲ್ಲವೆಂದು ಮಾವನ ಮುಂದೆ ಹೇಳಬೇಕು. ಮಿಂಗ್‌ಫೂ ಇದನ್ನೆಲ್ಲ ತೂಗಿ ನೋಡಿ, ಸಮಿತಿಯನ್ನು ಬಿಟ್ಟು ನೇರವಾಗಿ ಭೂಮಜ್ಜನನ್ನೇ ಕೇಳುವುದೆಂದು ತೀರ್ಮಾನಿಸಿದ. ಪಟ್ಟಿ ನೋಡಿ ತಿಳಿಯಬೇಕಾದ್ದನ್ನು ದೇವರು ಪಟ್ಟಿ ನೋಡದೆಯೇ ಹೇಳಬಲ್ಲ.

ನಮ್ಮಲ್ಲಿ ದೇವರನ್ನು ಕೇಳುವುದು ಬಿದಿರಿನ ಬುಡದಿಂದ ಮಾಡಿದ ಎರಡು ಬಿಲ್ಲೆಗಳಿಂದ. ಅರ್ಧಚಂದ್ರದ ಆಕಾರ, ಒಂದು ಮೈ ಉಬ್ಬು, ಒಂದು ಮೈ ಚಪ್ಪಟೆ. ಪ್ರಶ್ನೆ ಹೇಳಿ ನೆಲಕ್ಕೆ ಬಿಡಬೇಕು. ಒಂದು ಉಬ್ಬು ಒಂದು ಚಪ್ಪಟೆ ಬಿದ್ದರೆ ಒಪ್ಪಿಗೆ. ಎರಡೂ ಉಬ್ಬು ಮೇಲಾದರೆ ಇಲ್ಲ. ಎರಡೂ ಚಪ್ಪಟೆ ಮೇಲಾದರೆ ದೇವರು ನಕ್ಕ ಎಂದರ್ಥ. ಪ್ರಶ್ನೆ ಸರಿಯಿಲ್ಲ, ಯೋಚಿಸಿ ಮತ್ತೆ ಕೇಳು ಎಂದು. ಕೇಳುವವನು ತನ್ನ ಹೆಸರು, ವಿಳಾಸ, ಯಾರ ವಿಷಯ ಕೇಳುತ್ತಿದ್ದಾನೋ ಅವರ ಹುಟ್ಟಿದ ದಿನ, ಊರು ಎಲ್ಲವನ್ನೂ ಕೇಳಿಸುವಂತೆ ಹೇಳಬೇಕು. ಭೂಮಜ್ಜನಿಗೆ ಸ್ವಲ್ಪ ಕಿವಿ ಮಂದ ಎಂಬ ನಂಬಿಕೆಯೂ ಇದೆ.

ನಾಲ್ಕನೆಯ ತಾರೀಖು ಮಧ್ಯಾಹ್ನ, ಗುಡಿ ಖಾಲಿಯಿದ್ದಾಗ, ಮಿಂಗ್‌ಫೂ ಮಂಡಿಯೂರಿ ಕಾರ್ಡು ನೋಡಿಕೊಂಡು ಹೇಳಿದ:

"ಭೂಮಜ್ಜಾ, ನಾನು ಜುವಾಂಗ್ ಮಿಂಗ್‌ಫೂ, ಸಿಂಪಿ ಬೀದಿ ಅರವತ್ತೆರಡನೇ ನಂಬರಿನ ಮನೆಯವನು. ಎರಡರ ವಿಷಯ ಕೇಳ್ತಿದೀನಿ. ಹುಟ್ಟಿದ್ದು ಥಾಯ್ಲೆಂಡಿನಲ್ಲಿ, ಈ ವರ್ಷ ಐದನೇ ತಿಂಗಳು ಹನ್ನೊಂದಕ್ಕೆ. ಎರಡೂ ಒಂದೇ ದಿನ. ಸದ್ಯಕ್ಕೆ ಪೇಯುನ್ ಇಟ್ಕೊಂಡಿದಾಳೆ. ಮಾವನಿಗೆ ಇನ್ನೂ ಹೇಳಿಲ್ಲ. ಇವನ್ನ ಒಳಗೆ ಸೇರಿಸಿಕೊಂಡರೆ ಹೊಂದಿಕೊಂಡು ಹೋಗ್ತವಾ?"

ಹಾರ್ಡ್ ಡಿಸ್ಕ್ ಎಂಬ ಪದವನ್ನು ಏಕೆ ಹೇಳಲಿಲ್ಲವೆಂದು ಆಮೇಲೆ ಎಲ್ಲರೂ ಕೇಳಿದರು. ಭೂಮಜ್ಜನಿಗೆ ಅರ್ಥವಾಗಲಿಕ್ಕಿಲ್ಲ ಎಂದುಕೊಂಡನಂತೆ.

ಬಿಲ್ಲೆ ಬಿಟ್ಟ. ಭೂಮಜ್ಜ ನಕ್ಕ. ಪ್ರಶ್ನೆಯನ್ನು ಇನ್ನೊಮ್ಮೆ ನಿಧಾನವಾಗಿ ಹೇಳಿ ಬಿಟ್ಟ. ಮತ್ತೆ ನಕ್ಕ. ಮೂರನೆಯ ಸಲ ಒಂದು ಬಿಲ್ಲೆ ಉರುಳಿಕೊಂಡು ಕಂಬದವರೆಗೆ ಹೋಗಿ, ಯೋಚಿಸಿದಂತೆ ಒಂದು ಕ್ಷಣ ಅಂಚಿನ ಮೇಲೆ ನಿಂತು, ಇನ್ನೊಂದರ ಹಾಗೆಯೇ ಚಪ್ಪಟೆ ಮೈ ಮೇಲಾಗಿ ಬಿತ್ತು.

ಆ ಕಂಬದ ಆಚೆ ಊದುಬತ್ತಿ, ಕಿತ್ತಳೆಹಣ್ಣು ಮಾರುವ ಲುವಾನತ್ತೆ ಕೂತಿದ್ದಳು. ಆಕೆಗೆ ಮಿಂಗ್‌ಫೂ ಕಾಣುತ್ತಿರಲಿಲ್ಲ, ಕೇಳಿಸುತ್ತಿದ್ದ. ನಾನು ಚೀಟಿ ಬರೆಯುವ ಮೇಜಿನಿಂದ ಇಬ್ಬರನ್ನೂ ನೋಡುತ್ತಿದ್ದೆ. ಲುವಾನತ್ತೆಯ ಬೆರಳುಗಳು ಒಂದೊಂದಾಗಿ ಮಡಿಸಿಕೊಳ್ಳುವುದು ಕಂಡಿತು. ಐದನೇ ತಿಂಗಳಿಂದ ಹಿಂದಕ್ಕೆ ಒಂಬತ್ತು ಎಣಿಸಿದರೆ ಹೋದ ವರ್ಷದ ಎಂಟನೇ ತಿಂಗಳು. ಹೋದ ವರ್ಷದ ಎಂಟನೇ ತಿಂಗಳಲ್ಲಿ ಗುಡಿಯ ಸಮಿತಿ ಥಾಯ್ಲೆಂಡಿಗೆ ಪ್ರವಾಸ ಹೋಗಿತ್ತು. ಆ ಪ್ರವಾಸದಲ್ಲಿ ಮಿಂಗ್‌ಫೂ ಒಂದು ಇಡೀ ಮಧ್ಯಾಹ್ನ ಕಾಣೆಯಾಗಿದ್ದ. ಅವನು ಬೇರೊಂದು ಪ್ರವಾಸದ ಬಸ್ಸಿಗೆ ಹತ್ತಿ, ಅವರ ಜೊತೆ ಮೊಸಳೆ ನೋಡಿ ಬಂದಿದ್ದ. ಅದನ್ನು ಅಂದೂ ಯಾರೂ ಪೂರ್ತಿ ನಂಬಿರಲಿಲ್ಲ.

ಲುವಾನತ್ತೆ ಕಿತ್ತಳೆಹಣ್ಣಿನ ಮೇಲೆ ಬಟ್ಟೆ ಹೊದಿಸಿ ಎದ್ದಳು. ಹನ್ನೊಂದು ವರ್ಷದಲ್ಲಿ ಆಕೆ ಮಧ್ಯಾಹ್ನ ವ್ಯಾಪಾರ ಬಿಟ್ಟು ಎದ್ದದ್ದು ಅದು ಎರಡನೆಯ ಸಲ.

ಸಂಜೆಯ ಹೊತ್ತಿಗೆ ಊರಿಗೆ ವಿಷಯ ಹೀಗೆ ತಲುಪಿತು: ಮಿಂಗ್‌ಫೂಗೆ ಥಾಯ್ಲೆಂಡಿನಲ್ಲಿ ಅವಳಿ ಮಕ್ಕಳಾಗಿವೆ, ಏಳು ತಿಂಗಳಿನವು. ಊರಿಗೆ ತರಿಸಿ ಕಂಪ್ಯೂಟರ್ ಅಂಗಡಿಯ ಪೇಯುನಳ ಹತ್ತಿರ ಬಿಟ್ಟಿದ್ದಾನೆ. ಹುಲಿರಾಯನ ಮುಂದೆ ಮಂಡಿಯೂರಿ ತಪ್ಪೊಪ್ಪಿಕೊಳ್ಳುತ್ತಿದ್ದ. ಹುಲಿರಾಯ ಎರಡು ದಿನದಿಂದ ಕೀಕ್ ಎನ್ನುತ್ತಿದ್ದುದು ಇದಕ್ಕೇ. ಭೂಮಜ್ಜ ಒಂಬತ್ತು ಸಲ ನಕ್ಕನಂತೆ.

ನನಗೆ ನಿಜ ಗೊತ್ತಿತ್ತಲ್ಲ, ಯಾಕೆ ಹೇಳಲಿಲ್ಲ ಎಂದು ಕೇಳಬಹುದು. ನನ್ನನ್ನು ಯಾರೂ ಕೇಳಲಿಲ್ಲ. ಅದೂ ಅಲ್ಲದೆ ಕೋಳಿಯ ಮೇಜಿಗೆ ಕೂರುವ ನಾಲ್ವರಲ್ಲಿ ನಾನೂ ಒಬ್ಬ. ಗಮನ ಬೇರೆ ಕಡೆ ಇರುವಾಗ ಅದನ್ನು ಇತ್ತ ಸೆಳೆಯುವುದು ವಿವೇಕವಲ್ಲ.

ಪೇಯುನಳ ಅಂಗಡಿಗೆ ಹಿಂದೆಂದೂ ಕಾಲಿಡದ ಹೆಂಗಸರು ಬರತೊಡಗಿದರು. ಬಂದವರು ಮೇಜಿನ ಹಿಂದೆ ಕತ್ತು ಚಾಚಿ ನೋಡಿ, ಬರಿಗೈಯಲ್ಲಿ ಹೋಗಲು ಸಂಕೋಚಪಟ್ಟು ಒಂದೊಂದು ವೈರು ಕೊಂಡು ಹೋದರು. ಒಬ್ಬಾಕೆ ಹಾಲಿನ ಪುಡಿಯ ಡಬ್ಬ ಇಟ್ಟು, "ನಿನ್ನ ಮನಸ್ಸು ದೊಡ್ಡದು ಕಣೇ" ಎಂದಳು. ಪೇಯುನ್ ಅದನ್ನು ಹಬ್ಬದ ಉಡುಗೊರೆ ಎಂದುಕೊಂಡಳು.

"ಜೋರಾಗಿ ಮಾತಾಡಬೇಡ, ಎದ್ದುಬಿಟ್ಟಾವು" ಎಂದು ಇನ್ನೊಬ್ಬಾಕೆ ಪಿಸುಗುಟ್ಟಿದಾಗ ಪೇಯುನ್, ಪಕ್ಕದಲ್ಲಿ ನಿದ್ದೆಗೆ ಹೋಗಿದ್ದ ಎರಡು ಲ್ಯಾಪ್‌ಟಾಪುಗಳ ಬಗ್ಗೆ ಹೇಳುತ್ತಿದ್ದಾಳೆಂದು ತಿಳಿದು, "ಏಳಲ್ಲ, ಪ್ಲಗ್ಗು ಕಿತ್ತಿದೀನಿ" ಎಂದಳಂತೆ. ಆ ಹೆಂಗಸು ಅಲ್ಲಿಂದ ಓಡಿದ್ದು ಏಕೆಂದು ಅವಳಿಗೆ ಬಹಳ ದಿನ ತಿಳಿಯಲಿಲ್ಲ.

ಲೀಜೂ ಎರಡು ದಿನ ಪಾತ್ರೆಗಳನ್ನು ಇಡಬೇಕಾದ್ದಕ್ಕಿಂತ ಜೋರಾಗಿ ಇಟ್ಟಳು. ಮೂರನೆಯ ದಿನ ಪಾತ್ರೆಯ ಸದ್ದು ನಿಂತಿತು. ಅವರ ಮನೆಯ ಮಾಳಿಗೆಯ ಮೇಲೆ ಒಂದು ಕೋಣೆ ಇದೆ. ಮದುವೆಯಾದ ವರ್ಷ ತಿಳಿಹಳದಿ ಬಣ್ಣ ಹೊಡೆಸಿ, ಆಮೇಲೆ ಅಕ್ಕಿಮೂಟೆ, ಮುರಿದ ಫ್ಯಾನು ಇಡಲು ಬಳಸುತ್ತಿದ್ದ ಕೋಣೆ. ಅದರ ಕಿಟಕಿ ತೆರೆಯಿತು. ಹಾಸಿಗೆ ಬಿಸಿಲಿಗೆ ಬಂತು. ಲೀಜೂ ಪೇಟೆಗೆ ಹೋಗಿ ಹಳದಿ ಉಲ್ಲನ್ ಕೊಂಡು, ಬಾಗಿಲಲ್ಲಿ ಕೂತು, ಊರಿನವರು ನೋಡುತ್ತಿರುವಂತೆಯೇ ಎರಡು ಪುಟ್ಟ ಟೊಪ್ಪಿ ಹೆಣೆಯತೊಡಗಿದಳು. ಹುಲಿಮುಖದ ಟೊಪ್ಪಿ, ಎರಡು ಕಿವಿ, ಕರಿ ದಾರದ ಮೀಸೆ.

ಲುವಾನತ್ತೆ ಹೋಗಿ ಪಕ್ಕದಲ್ಲಿ ಕೂತಳು.

"ನೀನು ಏನೇ ಅನ್ನು ಲೀಜೂ, ನಾನಾಗಿದ್ರೆ ಅವನ ಕಾಲು ಮುರೀತಿದ್ದೆ."

"ಅದು ಆಮೇಲೆ. ಈ ಕಿವಿ ದೊಡ್ಡದಾಯ್ತಾ ನೋಡಿ."

"ಸರಿಯಾಗಿದೆ. ಏಳು ತಿಂಗಳಿಗೆ ತಲೆ ಇಷ್ಟಿರುತ್ತೆ." ಲುವಾನತ್ತೆ ಬೆರಳು ಅಗಲಿಸಿ ತೋರಿಸಿದಳು. "ಅವನನ್ನ ಕೇಳಿದೆಯಾ?"

"ಹೇಳೋನು ಹೇಳ್ತಾನೆ."

ಅಂದು ರಾತ್ರಿ ಊಟದಲ್ಲಿ ಅವಳು ಗಂಡನಿಗೆ, "ಮೇಲಿನ ಕೋಣೆ ಕ್ಲೀನ್ ಮಾಡಿದೀನಿ" ಎಂದಳು. ಮಿಂಗ್‌ಫೂ ಸುಮ್ಮನೆ ದಿಂಬು ಎತ್ತಿಕೊಂಡು ಮೇಲೆ ಹೋಗಿ ಮಲಗಿದ. ಹಿಂದೆಯೂ ಜಗಳವಾದಾಗ ಮೂರು ನಾಲ್ಕು ಸಲ ಹೀಗಾಗಿತ್ತು. ಈ ಸಲ ಹಾಸಿಗೆ ಬಿಸಿಲಿಗೆ ಹಾಕಿದ್ದಳೆಂಬುದಷ್ಟೇ ಅವನಿಗೆ ವಿಶೇಷವೆನಿಸಿತು.

ಅವನ ತಲೆಯಲ್ಲಿದ್ದುದು ಕೋಳಿ. ದಿನಕ್ಕೆ ಎರಡು ಸಲ ಹುಲಿರಾಯನ ಪಕ್ಕ ಮಲಗಿ, ಕೈಗನ್ನಡಿ ಹಿಡಿದು ಯಂತ್ರದ ಹಿಂಬದಿ ನೋಡಲು ಪ್ರಯತ್ನಿಸುತ್ತಿದ್ದ. ಕನ್ನಡಿಯಲ್ಲಿ ಹುಲಿರಾಯನ ಬಾಲ ಮಾತ್ರ ಕಾಣುತ್ತಿತ್ತು. ನೋಡಿದವರು, "ಪಾಪ, ತಪ್ಪೊಪ್ಪಿಗೆ ಮಾಡ್ಕೊಳ್ತಿದಾನೆ, ನೆಲಕ್ಕೆ ಅಡ್ಡಬಿದ್ದು" ಎಂದರು. ಬಿಸ್ಕತ್ತಿನ ಡಬ್ಬಿ ತುಂಬಿ ಎರಡನೆಯ ಡಬ್ಬಿ ಬಂತು. ಒಳಗೆ ನಾನೂರಕ್ಕೂ ಹೆಚ್ಚು ಹೆಸರುಗಳಿದ್ದವು. ಅವಳಿ ಮಕ್ಕಳ ಅಪ್ಪನನ್ನು ನೋಡಬೇಕೆಂದು ಗುಡಿಗೆ ಬರುವವರೆಲ್ಲ ಬಂದದ್ದಕ್ಕೆ ಒಂದೊಂದು ದೀಪ ಹಿಡಿದು ಹೋಗುತ್ತಿದ್ದುದರಿಂದ ಈ ಹೆಚ್ಚಳ.

ಹದಿಮೂರನೆಯ ತಾರೀಖು ಜಿನ್‌ಶುಯ್ ಅವರು ಅಳಿಯನನ್ನು ಗುಡಿಯ ಪಕ್ಕದ ಚಹಾದ ಮೇಜಿಗೆ ಕರೆಸಿದರು. ಚಹಾ ಮಾಡುವುದು ನನ್ನ ಪಾಲಿಗೆ ಬಂತು. ಅಧ್ಯಕ್ಷರು ಎರಡು ಬಟ್ಟಲು ಕುಡಿದು ಮುಗಿಸಿದರು.

"ಎರಡಂತೆ" ಎಂದರು.

ಮಿಂಗ್‌ಫೂ ನನ್ನತ್ತ ನೋಡಿದ. ನಾನು ಕೆಟಲಿನತ್ತ ನೋಡಿದೆ.

"ಯಾರು ಹೇಳಿದ್ರು ಮಾವ?"

"ಇಡೀ ಊರು ಹೇಳ್ತಿದೆ. ನೀನೊಬ್ಬ ಹೇಳಲಿಲ್ಲ."

"ಮೊದಲು ಹೊಂದುತ್ತೋ ಇಲ್ವೋ ನೋಡಿಬಿಟ್ಟು ಆಮೇಲೆ ಹೇಳೋಣ ಅಂತ."

"ಹೊಂದದೇ ಇದ್ರೆ?"

"ಹೊಂದದೇ ಇದ್ರೆ ವಾಪಸ್. ಹಬ್ಬದೊಳಗೆ ನಾವು ತಗೊಳ್ಳದಿದ್ರೆ ಪೇಯುನ್ ಬೇರೆ ಯಾರಿಗಾದ್ರೂ ಕೊಟ್ಬಿಡ್ತಾಳೆ."

ಜಿನ್‌ಶುಯ್ ಅವರ ಕೈಯಲ್ಲಿದ್ದ ಬಟ್ಟಲು ಅರ್ಧದಲ್ಲೇ ನಿಂತಿತು. ಹೊರಗೆ ಲುವಾನತ್ತೆ ಕಿತ್ತಳೆ ಒರೆಸುವುದನ್ನು ನಿಲ್ಲಿಸಿದಳು.

"ಕೊಟ್ಬಿಡ್ತಾಳೆ" ಎಂದರು ಅಧ್ಯಕ್ಷರು.

"ಕೇಳೋರು ಬೇಕಾದಷ್ಟಿದಾರಂತೆ ಮಾವ."

"ಮನುಷ್ಯನಾ ನೀನು?"

ಮಿಂಗ್‌ಫೂಗೆ ಇದು ಸ್ವಲ್ಪ ಅತಿಯೆನಿಸಿತು. "ತಪ್ಪು ನಂದೇ. ಮೊದಲೇ ಜಾಗ ನೋಡ್ಕೋಬೇಕಿತ್ತು" ಎಂದ.

ಅಧ್ಯಕ್ಷರು ಬಟ್ಟಲನ್ನು ಕೆಳಗಿಟ್ಟರು. ಅವರು ಮೊಮ್ಮಕ್ಕಳ ಆಸೆ ಬಿಟ್ಟು ಹದಿನೈದು ವರ್ಷವಾಗಿತ್ತು. ಆಸೆ ಬಿಟ್ಟಿದ್ದೇನೆಂದು ಎಲ್ಲರಿಗೂ ಆಗಾಗ ಹೇಳುತ್ತಿದ್ದರು.

"ಹದಿನಾರಕ್ಕೆ ಇಬ್ಬರನ್ನೂ ಇಲ್ಲಿಗೆ ಕರೆಸ್ತೀನಿ. ಭೂಮಜ್ಜನ ಮುಂದೆ, ಊರಿನ ಮುಂದೆ ಕೇಳೋಣ. ವಾಪಸ್ ಗೀಪಸ್ ಅಂದ್ರೆ, ಕೋಳಿ ಇದೆ ಮೇಜಿನ ಮೇಲೆ."

ಇಬ್ಬರು ಎಂದರೆ ಪೇಯುನ್ ಮತ್ತು ತಾನು ಎಂದು ಮಿಂಗ್‌ಫೂ ಅರ್ಥ ಮಾಡಿಕೊಂಡ. ಎರಡು ಹಾರ್ಡ್ ಡಿಸ್ಕಿಗಾಗಿ ಊರಿನ ಮುಂದೆ ನಿಲ್ಲಬೇಕಾಗಿ ಬಂತಲ್ಲ ಎಂದು ಅವನಿಗೆ ಸಂಕಟವಾಯಿತು. ಕನ್ನಡಿ ಹಿಡಿಯುವುದನ್ನು ದಿನಕ್ಕೆ ನಾಲ್ಕು ಸಲಕ್ಕೆ ಏರಿಸಿದ.

ಹದಿನಾರರ ಮಧ್ಯಾಹ್ನ ಗುಡಿಯ ಅಂಗಳದಲ್ಲಿ ಇನ್ನೂರು ಜನ ಇದ್ದರು. ಭೂಮಜ್ಜನಿಗೆ ಹಂದಿಮಾಂಸ, ಮೀನು, ಸಕ್ಕರೆಯುಂಡೆ ಎಲ್ಲ ಏರಿದ್ದವು. ಅವುಗಳ ಪಕ್ಕದಲ್ಲಿ ಕೆಂಪು ಬಣ್ಣ ಬಳಿದ ಬೇಯಿಸಿದ ಮೊಟ್ಟೆ, ಎಳ್ಳೆಣ್ಣೆಯ ಅಂಟಕ್ಕಿ ಅನ್ನ. ಮಗು ಹುಟ್ಟಿದ ತಿಂಗಳಿಗೆ ಹಂಚುವವು. ಆರು ತಿಂಗಳು ತಡವಾದರೂ ಪರವಾಗಿಲ್ಲ ಎಂದು ಯಾರೋ ತಂದಿದ್ದರು. ಊರಿನ ಹಳೆಯ ಸೂಲಗಿತ್ತಿಯನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಬಂದಿದ್ದರು. ಲೀಜೂ ಮೊದಲ ಸಾಲಿನಲ್ಲಿ, ಮಡಿಲಲ್ಲಿ ಎರಡು ಟೊಪ್ಪಿ ಇಟ್ಟುಕೊಂಡು ಕೂತಿದ್ದಳು. ಪೀಠದ ಕೆಳಗೆ ಹುಲಿರಾಯ ಕೀಕ್ ಎನ್ನುತ್ತಲೇ ಇದ್ದ.

ಪೇಯುನ್ ಸ್ಕೂಟರಿನಲ್ಲಿ ಬಂದಳು. ಕಾಲಿಡುವ ಜಾಗದಲ್ಲಿ ಒಂದು ರಟ್ಟಿನ ಪೆಟ್ಟಿಗೆ ಇತ್ತು.

"ಪೆಟ್ಟಿಗೇಲಿ ತರ್ತಿದಾಳಲ್ಲೇ" ಎಂದಳು ಲುವಾನತ್ತೆ, ಎದೆ ಮುಟ್ಟಿಕೊಂಡು.

ಪೇಯುನ್ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ತೆರೆದಳು. ಬೆಳ್ಳಿಬಣ್ಣದ ಚೀಲದಲ್ಲಿ ಸುತ್ತಿದ ಎರಡು ಹಾರ್ಡ್ ಡಿಸ್ಕ್. ಮುಂದಿನ ಸಾಲಿನವರು ಎದ್ದು ನೋಡಿದರು, ಹಿಂದಿನವರು ಅವರ ಹೆಗಲ ಮೇಲಿಂದ ನೋಡಿದರು. 

"ಮಕ್ಕಳೆಲ್ಲೇ?" ಎಂದಳು ಲುವಾನತ್ತೆ.

"ಯಾವ ಮಕ್ಕಳು?" ಎಂದಳು ಪೇಯುನ್. ಅಂದು ಅವಳು ತಲೆ ಎತ್ತಿ ನೋಡಿದಳು.

"ಥಾಯ್ಲೆಂಡಿನವು. ಏಳು ತಿಂಗಳಿನವು. ಅವಳಿ."

ಪೇಯುನ್ ಒಂದನ್ನು ಎತ್ತಿ ಚೀಟಿ ಓದಿದಳು. "ಥಾಯ್ಲೆಂಡ್. ಐದನೇ ತಿಂಗಳು ಹನ್ನೊಂದು. ಇವೇ."

ಆಗ ಲೀಜೂ ಎದ್ದು ಬಂದಳು. ಒಂದನ್ನು ಕೈಗೆ ತೆಗೆದುಕೊಂಡು, ಅಂಗೈಯಲ್ಲಿಟ್ಟು ಸ್ವಲ್ಪ ಹೊತ್ತು ನೋಡಿದಳು.

"ಭಾರ ಇದೆ" ಎಂದಳು.

"ಏಳುನೂರು ಗ್ರಾಂ ಅಕ್ಕ" ಎಂದಳು ಪೇಯುನ್.

"ಕಮ್ಮಿ ಆಯ್ತು" ಎಂದಳು ಗಾಲಿಕುರ್ಚಿಯ ಸೂಲಗಿತ್ತಿ. ಆಕೆಗೆ ಕಣ್ಣು ಕಾಣಿಸುತ್ತಿರಲಿಲ್ಲ.

ಲೀಜೂ ಅದನ್ನು ಮೆಲ್ಲಗೆ ಪೆಟ್ಟಿಗೆಯಲ್ಲಿಟ್ಟು, ಮತ್ತೆ ಬಂದು ತನ್ನ ಜಾಗದಲ್ಲಿ ಕೂತು, ಟೊಪ್ಪಿಯ ಮೀಸೆ ನೇರ ಮಾಡಿದಳು. ಮಿಂಗ್‌ಫೂ ಅವಳನ್ನೂ ಟೊಪ್ಪಿಗಳನ್ನೂ ನೋಡಿದ. ಮೇಲಿನ ಕೋಣೆ, ಬಿಸಿಲಿಗೆ ಹಾಕಿದ ಹಾಸಿಗೆ, ಚಹಾದ ಮೇಜಿನ ಮಾತು ಎಲ್ಲ ಒಂದರ ಹಿಂದೊಂದು ಅವನ ಮುಖದ ಮೇಲೆ ಹಾದುಹೋದವು. ಅವನು ಏನನ್ನಾದರೂ ಅರ್ಥ ಮಾಡಿಕೊಳ್ಳುವುದನ್ನು ಅಷ್ಟು ಸ್ಪಷ್ಟವಾಗಿ ಹಿಂದೆ ನಾನು ನೋಡಿರಲಿಲ್ಲ.

ಜಿನ್‌ಶುಯ್ ಅವರ ಮುಖ ಮಾತ್ರ ಬದಲಾಗಲಿಲ್ಲ. ಐವತ್ತು ವರ್ಷ ಅಧ್ಯಕ್ಷಗಿರಿ ಮಾಡಿದವರು. "ಕೇಳೋದಕ್ಕೆ ಅಂತ ಸೇರಿದೀವಿ, ಕೇಳೋಣ" ಎಂದರು. "ಪ್ರಶ್ನೆ ಏನು, ಸರಿಯಾಗಿ ಹೇಳು."

ಮಿಂಗ್‌ಫೂ ಬಿಲ್ಲೆ ಹಿಡಿದು ಮಂಡಿಯೂರಿದ.  ಆಮೇಲೆ ಇನ್ನೂರು ಜನಕ್ಕೂ ಕೇಳಿಸುವಂತೆ ಹೇಳಿದ:

"ಭೂಮಜ್ಜಾ, ನಾನು ಜುವಾಂಗ್ ಮಿಂಗ್‌ಫೂ. ನನ್ನ ಯಂತ್ರದ ನಂಬರು ನನಗೆ ಗೊತ್ತಿಲ್ಲ. ನಾಲ್ಕು ವರ್ಷದಿಂದ ಗೊತ್ತಿಲ್ಲ. ಹುಲಿರಾಯನನ್ನ ಸ್ವಲ್ಪ ಸರಿಸಿ, ಹಿಂದೆ ಏನು ಬರೆದಿದೆ ಅಂತ ನೋಡಬಹುದಾ?"

ಬಿಲ್ಲೆ ಬಿದ್ದವು. ಒಂದು ಉಬ್ಬು, ಒಂದು ಚಪ್ಪಟೆ. ಮೊದಲನೆಯ ಸಲಕ್ಕೇ.

ಹುಲಿರಾಯನನ್ನು ಕೆಂಪು ದಿಂಬಿನ ಮೇಲೆ ಕೂರಿಸಲಾಯಿತು. ಪೇಯುನ್ ಹೊಟ್ಟೆಯ ಮೇಲೆ ಮಲಗಿ, ಯಂತ್ರವನ್ನು ಅರ್ಧ ತಿರುಗಿಸಿ, ಟಾರ್ಚು ಬಿಟ್ಟು ಚೀಟಿ ಓದಿದಳು. ಫೋನಿನಲ್ಲಿ ಕಂಪನಿಯ ಪಟ್ಟಿ ತೆರೆದು ಬೆರಳಿನಿಂದ ಮೇಲೆ ಕೆಳಗೆ ಮಾಡಿದಳು. ಒಟ್ಟು ಒಂದೂವರೆ ನಿಮಿಷ.

"ಇವು ಪಟ್ಟೀಲಿ ಇಲ್ಲ" ಎಂದಳು ಎದ್ದು ಬಟ್ಟೆ ಕೊಡವಿಕೊಳ್ಳುತ್ತ. "ಯಂತ್ರ ಹಳೇದು. ಇವನ್ನ ಹಾಕಿದ್ದಿದ್ರೆ ಇರೋ ಹೆಸರೂ ಹೋಗ್ತಿತ್ತು. ಅಂಗಡೀಲಿ ಬೇರೆ ಎರಡಿವೆ, ಅವು ಹೊಂದ್ತವೆ. ಬದಲಾಯಿಸಿ ತರ್ತೀನಿ."

"ಬದಲಾಯಿಸ್ತಾಳಂತೆ" ಎಂದಳು ಲುವಾನತ್ತೆ ಸೂಲಗಿತ್ತಿಗೆ. ಸೂಲಗಿತ್ತಿ ತಲೆಯಾಡಿಸಿದಳು. ತನ್ನ ಕಾಲದಲ್ಲಿ ಹಾಗೆಲ್ಲ ಇರಲಿಲ್ಲ ಎಂದಳು.

ಹೊಸದಾಗಿ ಬಂದವು ಫಿಲಿಪೈನ್ಸ್‌ನಲ್ಲಿ ತಯಾರಾದವು, ಎರಡು ವರ್ಷದವು. ಎರಡು ಖಾಲಿ ಗೂಡುಗಳಲ್ಲಿ ಕೂತವು. ಯಂತ್ರ ಸ್ವಲ್ಪ ಹೊತ್ತು ಹಸಿರು ದೀಪ ಮಿಟುಕಿಸಿ ಯೋಚಿಸಿತು. ಆಮೇಲೆ ಕೀಕ್ ಎನ್ನುವುದು ನಿಂತಿತು. ಹದಿನಾಲ್ಕು ದಿನ ಕೇಳಿ ಅಭ್ಯಾಸವಾಗಿದ್ದ ಊರಿನವರು, ಏನೋ ಕಳೆದುಕೊಂಡವರಂತೆ, ಕೆಂಪು ಮೊಟ್ಟೆ ಹಂಚಿಕೊಂಡು ಮನೆಗೆ ಹೋದರು. ನಾನು ಚೀಟಿಗಳನ್ನು ಓದಿ ಹೇಳುತ್ತ ಹೋದೆ, ಮಿಂಗ್‌ಫೂ ಟೈಪ್ ಮಾಡಿದ. ಊಟಕ್ಕೆ ಕರೆಯುವ ಹೊತ್ತಿಗೆ ಎರಡು ಬಿಸ್ಕತ್ತಿನ ಡಬ್ಬಿಗಳೂ ಖಾಲಿಯಾಗಿದ್ದವು.

ರಾತ್ರಿ ಮೇಜಿಗೆ ನಾವು ನಾಲ್ವರು, ಅಧ್ಯಕ್ಷರು, ಲೀಜೂ. ದುಂಡು ಮೇಜು, ನಡುವೆ ತಿರುಗುವ ಗಾಜು. ಜಿನ್‌ಶುಯ್ ಅವರು ಕೋಳಿಯ ತಟ್ಟೆಯನ್ನು ಎರಡು ಕೈಯಲ್ಲಿ ತಂದು ಇಟ್ಟರು. ತಲೆ ಮಿಂಗ್‌ಫೂನ ಕಡೆ ಇತ್ತು. ಅರೆಮುಚ್ಚಿದ ಕಣ್ಣು, ಸ್ವಲ್ಪ ತೆರೆದ ಕೊಕ್ಕು, ಏನೋ ಹೇಳಲಿರುವಂತೆ.

ಬಾಗಿಲಿನವನಿಗೆ ಮೀನು ಬೇಕಾಗಿತ್ತು. ಗಾಜು ತಿರುಗಿಸಿದ, ತಲೆ ಗುಡಿಸುವಾಕೆಯ ಮುಂದೆ ಹೋಯಿತು. ಆಕೆಗೆ ತಕ್ಷಣ ಮೂಲಂಗಿಯ ಮೇಲೆ ಆಸೆ ಹುಟ್ಟಿ ಮತ್ತೆ ತಿರುಗಿಸಿದಳು. ಅದು ನನ್ನ ಮುಂದೆ ಬಂತು. ನನಗೆ ಕಳಲೆ ಎಂದರೆ ಆಗದು, ಆದರೂ ಕಳಲೆಯ ತಟ್ಟೆ ಬರುವವರೆಗೆ ತಿರುಗಿಸಿದೆ. ತಲೆ ಒಂದು ಸುತ್ತು ಮುಗಿಸಿ ಮಿಂಗ್‌ಫೂನ ಮುಂದೆ ನಿಂತಿತು. ಅವನು ತಿರುಗಿಸಲಿಲ್ಲ. ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೋಳಿಯನ್ನು ನೋಡುತ್ತ ಕೂತ.

ಲೀಜೂ ಊಟದ ಕಡ್ಡಿಗಳನ್ನು ಚಾಚಿ, ಕೋಳಿಯ ತಲೆಯನ್ನು ಕತ್ತಿನ ಹತ್ತಿರ ಹಿಡಿದು, ಒಂದೇ ತಿರುವಿಗೆ ಮುರಿದು ತನ್ನ ಬಟ್ಟಲಿಗೆ ಹಾಕಿಕೊಂಡಳು. ಆತುರವಿಲ್ಲದೆ ತಿಂದಳು. ಕೊಕ್ಕನ್ನೂ ಮೂಳೆಗಳನ್ನೂ ತಟ್ಟೆಯ ಅಂಚಿನಲ್ಲಿ ಸಾಲಾಗಿ ಇಟ್ಟಳು.

"ಅಪ್ಪ, ಆ ಸೊಪ್ಪು ಈ ಕಡೆ ತಿರುಗ್ಸಿ" ಎಂದಳು.

ಅಧ್ಯಕ್ಷರು ಮಗಳನ್ನು ನೋಡಿದರು. ಸೊಪ್ಪನ್ನು ತಿರುಗಿಸಿದರು.

ಹೊಸ ವರ್ಷದ ದೀಪಗಳು ಹೆಸರುಸಹಿತ ಹೊತ್ತಿದವು, ಒಂದೂ ತಪ್ಪಲಿಲ್ಲ. ಹಾಲಿನ ಪುಡಿಯನ್ನು ಪೇಯುನ್ ಚಹಾಕ್ಕೆ ಬಳಸಿ ಮುಗಿಸಿದಳು. ಉಳಿದ ಕಾರ್ಡುಗಳನ್ನು ಮಿಂಗ್‌ಫೂ ನನಗೆ ಕೊಟ್ಟಿದ್ದಾನೆ. ಹಿಂಬದಿ ಚೀಟಿ ಬರೆಯಲು ಅನುಕೂಲ. ಒಂದರ ಹಿಂದೆ ಮಾತ್ರ ಯಂತ್ರದ ನಂಬರು ಬರೆದು ಜೇಬಿನಲ್ಲಿಟ್ಟುಕೊಂಡಿದ್ದಾನೆ. ಮೇಲಿನ ಕೋಣೆಯಿಂದ ದಿಂಬು ಕೆಳಗೆ ಬಂದಿದೆ. ಅಕ್ಕಿಮೂಟೆ ಇನ್ನೂ ಮೇಲೆ ಹೋಗಿಲ್ಲ.

ಹುಲಿಮುಖದ ಎರಡು ಟೊಪ್ಪಿಗಳನ್ನು ಲೀಜೂ ತಂದು, ಹೊಸ ಡಿಸ್ಕ್‌ಗಳು ಕೂತಿರುವ ಕಡೆ, ಯಂತ್ರದ ಮೇಲೆ ಇಟ್ಟು ಹೋದಳು. ಅವನ್ನು ತೆಗೆಯಬಹುದೇ ಎಂದು ಯಾರೂ ಭೂಮಜ್ಜನನ್ನು ಕೇಳಿಲ್ಲ. ಯಂತ್ರದಲ್ಲಿ ಈಗ ನಾಲ್ಕು ಹಾರ್ಡ್ ಡಿಸ್ಕ್ ಇವೆ.